ಮಾರ್ಜಾಲ ಗುಳಿಗೀಕರಣ: ಸೈದ್ಧಾಂತಿಕ ನೆಲೆಗಳು ಮತ್ತು ಪ್ರಾದೇಶಿಕ ಆಯಾಮಗಳು

ಪ್ರಸ್ತುತ ಪ್ರಬಂಧವು ಉದ್ವಿಗ್ನ ಮಾರ್ಜಾಲವೊಂದರ ಮುಖಗಹ್ವರದೊಳಕ್ಕೆ ಔಷಧಾತ್ಮಕ ಘನವಸ್ತುವಿನ ಪ್ರವೇಶಪ್ರಕ್ರಿಯೆಯನ್ನು ಅಂತರ್‌ಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ನಮ್ಮವ್ವನ ಪರಿಭಾಷೆಯಲ್ಲಿ, ಬೆಕ್ಕಿಗಿ ಗುಳಗಿ ನುಂಗಸೋದು.

ಅಧ್ಯಯನದ ವ್ಯಾಪ್ತಿ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಅಧ್ಯಯನದ ಮಿತಿ: ಒಂದು ಬೆಕ್ಕು. ಹೆಸರು ಶಾಣಿ. ಮಾದರಿ ಸಮೂಹ ಚಿಕ್ಕದಾಯಿತೆಂದು ಆಕ್ಷೇಪಿಸುವ ವಿದ್ವಾಂಸರು ಎರಡನೆಯ ಬೆಕ್ಕಿಗೆ ಖುದ್ದು ನುಂಗಿಸಿ, ಕೈಗೆ ಪಟ್ಟಿ ಕಟ್ಟಿಕೊಂಡ ಮೇಲೆ ಪತ್ರ ಬರೆಯಬಹುದು.

ಇಂಥ ಭಾಷೆ ನನಗೆ ಎಲ್ಲಿಂದ ಅಂಟಿತೆಂದು ಹೇಳಿಬಿಡುತ್ತೇನೆ. ಎರಡು ದಿನಗಳ ಒಂದು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಕೂತಿದ್ದೆ. ಸನ್ಮಾನಗಳೇ ಊಟದ ಹೊತ್ತಿನ ತನಕ ನಡೆದವು. ಕನ್ನಡ ನಾಡಿನ ಗಡಿ ಹೇಳುವ ಆ ಎರಡು ನದಿಗಳ ಪದ್ಯ ನಾಲ್ಕು ಸಲ ಹರಿಯಿತು. ಊಟವಾದ ಮೇಲೆ ಒಬ್ಬರು ಮಾನವೇತರ ಜೀವಿಗಳ ಆತಂಕದ ಸಂಕಥನದ ಮೇಲೆ ಮುಕ್ಕಾಲು ತಾಸು ಓದಿದರು. ನನಗೆ ಆಸೆಯಾಯಿತು, ಎದ್ದು ಕೇಳಿದೆ: ‘ಸರ್, ನಮ್ಮ ಬೆಕ್ಕು ಗುಳಿಗೆ ಉಗುಳತದ, ಏನ್ ಮಾಡ್ಲಿ?’ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ‘ಅದನ್ನು ನಾವು ಪ್ರತಿರೋಧದ ನೆಲೆಯಾಗಿ ಓದಬೇಕಾಗುತ್ತದೆ’ ಅಂದರು. ಸಭೆ ಚಪ್ಪಾಳೆ ತಟ್ಟಿತು. ನನಗೂ ಒಂದು ಸರ್ಟಿಫಿಕೇಟು ಸಿಕ್ಕಿತು.

ಪೂರ್ವಾಧ್ಯಯನ ಸಮೀಕ್ಷೆ

ಮಾರ್ಜಾಲೋದ್ವೇಗದ ಕುರಿತು ನಮ್ಮ ಪರಂಪರೆಯಲ್ಲಿ ದೊರಕುವ ಆದ್ಯ ಪ್ರಕರಣವು ತೆನಾಲಿ ರಾಮಕೃಷ್ಣನ ಬೆಕ್ಕಿನದು. ಕಾದ ಹಾಲಿಗೆ ಒಮ್ಮೆ ಬಾಯಿ ಸುಟ್ಟುಕೊಂಡದ್ದು ಮುಂದೆ ಹಾಲಿನ ಬಟ್ಟಲು ಕಂಡರೇ ಓಡಿತು. ಆಸ್ಥಾನ ನಕ್ಕಿತು. ನಗುವುದರಲ್ಲಿ ಒಂದು ಚಿಕಿತ್ಸಾ ಸೂತ್ರ ತಪ್ಪಿಹೋಯಿತು. ದಿನಾ ಉಣ್ಣುವ ಬಟ್ಟಲಿಗೆ ಕಹಿ ಔಷಧಿ ಕಲಸಿದರೆ ಬೆಕ್ಕು ಔಷಧಿಯನ್ನಲ್ಲ, ಬಟ್ಟಲನ್ನೇ ಬಿಡುತ್ತದೆ. ಕೆಲವು ದಿನ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿ ಪ್ರಾಣಕ್ಕೇ ಬರಬಹುದು, ಅದರಲ್ಲೂ ದಪ್ಪ ಬೆಕ್ಕಿಗೆ. ಶಾಣಿಯ ವಿಷಯದಲ್ಲಿ ಈ ತಪ್ಪನ್ನು ನಾನು ಮೊದಲ ದಿನವೇ ಮಾಡಿದೆ. ಒಂದೂವರೆ ದಿನ ಅವಳು ನನ್ನ ಮುಖ ನೋಡಲಿಲ್ಲ.

ಮಾರ್ಗವಿಚಾರ

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದ ಶ್ರೀವಿಜಯ ಕಾವ್ಯಕ್ಕೆ ದಕ್ಷಿಣ, ಉತ್ತರ ಎಂದು ಎರಡು ಮಾರ್ಗಗಳನ್ನು ನಿರೂಪಿಸಿದ. ಅದೇ ಕಾಗಿಣಾ ಸೀಮೆಯ ನೀರು ಕುಡಿದವನಾಗಿ ಗುಳಿಗೆಗೂ ಎರಡೇ ಮಾರ್ಗವೆಂದು ಪ್ರತಿಪಾದಿಸುತ್ತೇನೆ.

ದಕ್ಷಿಣ ಮಾರ್ಗವೆಂದರೆ ದಾಕ್ಷಿಣ್ಯದ ಮಾರ್ಗ. ಶಾಣಿಗೆ ಡಾಕ್ಟರು ಬರೆದುಕೊಟ್ಟದ್ದು ಗ್ಯಾಬಾಪೆಂಟಿನ್. ಪ್ರವಾಸ, ಸದ್ದು, ದವಾಖಾನೆ ಮುಂತಾದ ಹೆದರಿಕೆಗೆ ಸುಮಾರು ಎರಡು ತಾಸು ಮೊದಲು ಕೊಡುವುದು. ಕ್ಯಾಪ್ಸೂಲು ಬಿಚ್ಚಬಹುದೇ ಎಂದು ಅವರನ್ನೇ ಕೇಳಿದೆ, ಬಿಚ್ಚಬಹುದೆಂದರು. (ಎಲ್ಲ ಔಷಧಿಗೂ ಈ ಮಾತು ನಡೆಯದು, ನಿಧಾನಕ್ಕೆ ಕರಗಲೆಂದೇ ಮಾಡಿದ ಗುಳಿಗೆಯನ್ನು ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಲೇ ಹೊಟ್ಟೆಗೆ ಬೀಳುತ್ತದೆ.) ಹಸಿದಾಗ, ಊಟದ ಬಟ್ಟಲಲ್ಲಿ ಅಲ್ಲ, ಬೇರೆ ಚಮಚದಲ್ಲಿ, ಚೂರು ಮೀನಿನ ಜೊತೆ. ನೆಕ್ಕಿ ಮುಗಿಸಿದ ಮೇಲೆ ಊಟ.

ಉತ್ತರ ಮಾರ್ಗವೆಂದರೆ ಬೇರೆ ಉತ್ತರವೇ ಇಲ್ಲದಾಗ ಹಿಡಿಯುವ ಮಾರ್ಗ. ಹಳೆಯ ದುಪ್ಪಟಿಯಲ್ಲಿ ಬೆಕ್ಕನ್ನು ಕುತ್ತಿಗೆಯ ತನಕ ಸುತ್ತಬೇಕು. ರೊಟ್ಟಿಯೊಳಗೆ ಪಲ್ಯ ಸುತ್ತಿದ ಹಾಗೆ, ಉಸಿರು ಕಟ್ಟದ ಹಾಗೆ. ಕುತ್ತಿಗೆಯ ತೊಗಲು ಹಿಡಿದು ಎತ್ತುವುದು ಬೇಡ, ಹೆದರಿದ್ದಕ್ಕೆ ಇನ್ನಷ್ಟು ಹೆದರಿಕೆ. ಎಡಗೈ ತಲೆಯ ಮೇಲಿಂದ ಬಂದು ಎರಡು ಗಲ್ಲದ ಎಲುಬು ಹಿಡಿದು ಮೂತಿ ಮೇಲೆತ್ತಲಿ, ಬಲಗೈಯ ನಡುಬೆರಳು ಕೆಳದವಡೆ ಇಳಿಸಲಿ, ಗುಳಿಗೆ ನಾಲಗೆಯ ಬುಡಕ್ಕೆ ಬೀಳಲಿ. ಬಾಯಿ ಮುಚ್ಚಿ ಗಂಟಲು ಸವರಬೇಕು. ಮೂಗು ನೆಕ್ಕಿಕೊಂಡಿತೆಂದರೆ ಸಾಮಾನ್ಯವಾಗಿ ನುಂಗಿತೆಂದರ್ಥ. ಅಲ್ಲಿಗೆ ಬಿಡುವಂತಿಲ್ಲ: ಒಣ ಗುಳಿಗೆ ಅನ್ನನಾಳದಲ್ಲೇ ಕೂತು ಹುಣ್ಣು ಮಾಡೀತು. ಸೂಜಿಯಿಲ್ಲದ ಸಿರಿಂಜಿನಿಂದ ಐದು ಎಂ.ಎಲ್. ನೀರು ಗಲ್ಲದ ಪಕ್ಕದಿಂದ ಸಾವಕಾಶ ಬಿಡಬೇಕು, ಇಲ್ಲವೇ ಒಂದು ತುತ್ತು ತಿನ್ನಿಸಬೇಕು. ಗಡಿಬಿಡಿ ಮಾಡಿದರೆ ನೀರು ಪುಪ್ಪುಸಕ್ಕೆ ಹೋಗುತ್ತದೆ.

ಪ್ರತಿಕ್ರಿಯಾ ಪಂಥಗಳು

ಗುಳಿಗೆಯನ್ನು ತಿರಸ್ಕರಿಸುವ ಬಗೆಯನ್ನಾಧರಿಸಿ ಮಾರ್ಜಾಲಗಳಲ್ಲಿ ಐದು ಪಂಥಗಳನ್ನು ಗುರುತಿಸಲಾಗಿದೆ. ವಾಡಿ ಪಂಥ: ಗುಳಿಗೆ ಜಂಕ್ಷನ್ನಿಗೆ ಬಂದು ಕೆನ್ನೆಯ ಪ್ಲಾಟ್‌ಫಾರ್ಮಿನಲ್ಲಿ ಕಾದು ನಿಲ್ಲುತ್ತದೆ, ಮುಂಬೈಗೋ ಸಿಕಂದರಾಬಾದಿಗೋ ಎಂದು ನೀವು ಕಾಯುತ್ತಿರುವಾಗ ಬಂದ ಹಳಿಯಲ್ಲೇ ವಾಪಸು. ಶಹಾಬಾದ ಪಂಥ: ಇಡೀ ಬೆಕ್ಕು ಫರಸಿ ಕಲ್ಲಿನಂತೆ ಚಪ್ಪಟೆಯಾಗಿ ನೆಲಕ್ಕೆ ಹಾಸಿಕೊಳ್ಳುತ್ತದೆ, ಎಬ್ಬಿಸಲು ಬಾರದು. ಚಿತ್ತಾಪುರ ಪಂಥ: ನಾಗಾವಿಯ ಘಟಿಕಾಸ್ಥಾನದ ವಿದ್ಯಾರ್ಥಿಯಂತೆ ಎಲ್ಲವನ್ನೂ ಗಂಭೀರವಾಗಿ ಸ್ವೀಕರಿಸಿ, ಪಾಠ ಮುಗಿದ ಮೇಲೆ ಮೂಲೆಗೆ ಹೋಗಿ ಉಗುಳುವುದು. ಚಿಂಚೋಳಿ ಪಂಥ ಕಾಡು ಸೇರುತ್ತದೆ. ಸೇಡಂ ಪಂಥಕ್ಕೆ ನಾಲ್ಕು ಉಪಭೇದಗಳಿವೆ, ಬರೆಯಲು ನನಗೆ ಬೇಸರ ಬಂತು, ಬಿಡಿ.

ಬೇಸರ ಬಾರದೆ ಹೇಳಬೇಕಾದ ಮಾತು ಬೇರೆ ಇದೆ. ಪ್ರಮಾಣ ಡಾಕ್ಟರು ಬೆಕ್ಕಿನ ತೂಕ, ಕಿಡ್ನಿ ನೋಡಿ ಬರೆದಷ್ಟೇ. ವಾಂತಿ ಮಾಡಿಕೊಂಡರೆ ಇನ್ನೊಂದು ತುರುಕಬಾರದು, ಫೋನ್ ಮಾಡಿ ಕೇಳಬೇಕು. ಮರೆತ ಗುಳಿಗೆಯ ಲೆಕ್ಕ ಮರುದಿನ ಎರಡು ಕೊಟ್ಟು ತೀರಿಸುವಂತಿಲ್ಲ. ಫ್ಲೂಆಕ್ಸೆಟಿನ್‌ನಂಥ ದಿನನಿತ್ಯದ ಔಷಧಿ ಬರೆದಿದ್ದರೆ ಗುಣ ಕಾಣಲು ವಾರಗಳೇ ಬೇಕು, ಮನಸ್ಸಿಗೆ ಬಂದ ದಿನ ನಿಲ್ಲಿಸುವಂತೆಯೂ ಇಲ್ಲ. ಮನುಷ್ಯರ ಡಬ್ಬಿಗೆ ಕೈ ಹಾಕಲೇಬೇಡಿ: ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದು ಗುಳಿಗೆ ಸಾಕು ಕೊಲ್ಲಲು. ಅಜ್ಜಿಯ ಡಯಾಜೆಪಾಮ್ ಬಾಯಲ್ಲಿ ಕೊಟ್ಟಾಗ ಕೆಲವು ಬೆಕ್ಕುಗಳ ಯಕೃತ್ತು ಕೆಟ್ಟು ಸತ್ತದ್ದುಂಟು. ಗ್ಯಾಬಾಪೆಂಟಿನ್ ಕೊಟ್ಟ ಮೇಲೆ ಬೆಕ್ಕು ತೂಕಡಿಸುತ್ತದೆ, ಹೆಜ್ಜೆ ತಪ್ಪುತ್ತದೆ. ಮಾಳಿಗೆಯ ಬಾಗಿಲು ಹಾಕಿ.

ಪರಿಸರಾತ್ಮಕ ಆಯಾಮ

ಚೀಟಿಯ ಜೊತೆ ಕೊಟ್ಟ ಅಚ್ಚಿನ ಹಾಳೆಯಲ್ಲಿ ಕೊನೆಯ ಸಾಲು: ಬೆಕ್ಕಿಗೆ ಶಾಂತ ಪರಿಸರ ಒದಗಿಸಿ. ಸರಿಯಾದ ಮಾತೇ. ಅಂಜಿಕೆಯ ಮೂಲ ಹಾಗೇ ಇದ್ದರೆ ಗುಳಿಗೆಯ ಕೆಲಸ ಅರ್ಧ.

ನಮ್ಮ ನೆಲದಡಿ ಸುಣ್ಣದ ಕಲ್ಲಿದೆ. ಇಲ್ಲಿನ ಫರಸಿ ದೂರದೂರಿನ ಪಡಸಾಲೆಗಳನ್ನು ತಂಪಾಗಿಟ್ಟಿದೆ, ಇಲ್ಲಿನ ಸಿಮೆಂಟು ಅವರ ಮಹಡಿ ಎಬ್ಬಿಸಿದೆ. ನಮಗೆ ಉಳಿದದ್ದು ಕಲ್ಲು ಸಿಡಿಸುವ ಸದ್ದು. ಮೊದಲು ಸೈರನ್. ಮನುಷ್ಯನ ಕಿವಿ 20 ಕಿಲೋಹರ್ಟ್ಜ್‌ಗೆ ನಿಂತರೆ ಬೆಕ್ಕಿನ ಕಿವಿ 60 ದಾಟುತ್ತದೆ. ಆ ಸೈರನ್ನಿನಲ್ಲಿ ಅದಕ್ಕೆ ಇನ್ನೇನೇನು ಕೇಳುತ್ತದೋ. ಆಮೇಲೆ ನೆಲದೊಳಗಿಂದ ಒಂದು ಗುದ್ದು. ತೊಲೆಯ ಸಂದಿಯಿಂದ ಮಣ್ಣು ಉದುರುತ್ತದೆ, ಬೋಗುಣಿ ನಡುಗುತ್ತದೆ, ಶಾಣಿ ಜೋಳದ ಚೀಲದ ಹಿಂದೆ ಹೋಗಿ ಉಚ್ಚೆ ಹೊಯ್ದುಕೊಳ್ಳುತ್ತಾಳೆ. ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳಾಗಿದೆ. ಇದನ್ನು ಪ್ರತಿರೋಧದ ನೆಲೆಯಾಗಿ ಓದಬೇಕೇ ಸರ್? ಬನ್ನಿ, ನಮ್ಮ ಪಡಸಾಲೆಯಲ್ಲಿ ಕೂತು ಓದಿ.

ಗೋಡೆಯ ಬಿರುಕಿಗೆ ಅವ್ವ ಪ್ರತಿ ಯುಗಾದಿಗೆ ಸುಣ್ಣ ಬಳಿಯುತ್ತಾಳೆ. ಕಳೆದ ವಾರ ನಾನು ಗುಳಿಗೆ ಕೊಡುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿದಳು. ‘ಬೆಕ್ಕಿಗೇನೋ ಬರದ್ ಕೊಟ್ಟಾರ. ಮೂವತ್ತು ವರ್ಷ ಆಯ್ತು ನನಗ ಎದಿ ಹಿಂಗೇ ಧಸಕ್ ಅಂತದ, ನನಗ್ಯಾರ್ ಬರದ್ ಕೊಡ್ತಾರ?’ ಅಂದಳು. ದುಪ್ಪಟಿಯೊಳಗಿಂದ ಶಾಣಿ, ಹೊರಗಿಂದ ನಾನು, ಇಬ್ಬರೂ ಅವಳನ್ನೇ ನೋಡಿದೆವು.

ಈ ಪ್ರಬಂಧಕ್ಕೆ ಫಲಿತವೆಂದು ಬೇರೆ ಇಲ್ಲ, ಒಂದು ಅರ್ಜಿ ಇದೆ. ಕಲ್ಲು ಸಿಡಿಸುವ ಯಜಮಾನರೇ, ನಿಮ್ಮ ಸಿಡಿತದ ಹೊತ್ತು ಒಂದು ದಿನ ಹನ್ನೆರಡೂವರೆ, ಒಂದು ದಿನ ಮೂರು, ಒಂದು ದಿನ ಇಲ್ಲವೇ ಇಲ್ಲ. ನಾಳೆಯ ಹೊತ್ತನ್ನು ಇವತ್ತೇ ಬರೆದು ಪಂಚಾಯ್ತಿ ಕಟ್ಟಿಯ ಗೋಡೆಗೆ ಹಚ್ಚಿರಿ. ಗುಳಿಗೆ ಹತ್ತಲು ಎರಡು ತಾಸು ಬೇಕು.