ಸನ್ಮಾನ್ಯ ‘48 ಗಂಟೆ’ಯವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀ ‘48 ಗಂಟೆ ಕಾಯಿರಿ’ಯವರು,
ಡಿಎನ್‌ಎಸ್ ಪ್ರೊಪಗೇಶನ್ ಇಲಾಖೆ,
ಸಿದ್ಧ ಉತ್ತರಗಳ ವಿಭಾಗ, ಸಹಾಯವಾಣಿ.

ಮಾನ್ಯರೇ,

ತಮ್ಮ ಕೀರ್ತಿ ದೊಡ್ಡದು. ಡೊಮೈನ್ ಕೊಂಡು, ಅದನ್ನು ವೆಬ್ ಸರ್ವರ್ ಕಡೆ ತಿರುಗಿಸೋಣವೆಂದು ಕಂಟ್ರೋಲ್ ಪ್ಯಾನೆಲ್ ತೆರೆದವರೆಲ್ಲ ಒಂದಲ್ಲ ಒಂದು ಸಲ ತಮಗೆ ಅಡ್ಡಬಿದ್ದವರೇ. ಎ ರೆಕಾರ್ಡ್ ಹಾಕಿ, ಸೇವ್ ಒತ್ತಿ, ಬ್ರೌಸರ್‌ನಲ್ಲಿ ಹೆಸರು ಕುಟ್ಟಿದರೆ ಏನೂ ಬರುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ರೆಕಾರ್ಡಿನ ಮೇಲೆ ಕಣ್ಣೂ ಹಾಯಿಸದೆ ತಮ್ಮ ನಾಮಸ್ಮರಣೆ ಶುರು ಮಾಡುತ್ತಾನೆ: ‘ಪ್ರೊಪಗೇಶನ್ ಆಗ್ತಿದೆ ಸರ್, 24ರಿಂದ 48 ಗಂಟೆ ವೇಟ್ ಮಾಡಿ.’ ಅಷ್ಟು ಹೊತ್ತಿಗೆ ಅವನ ಪಾಳಿ ಮುಗಿದು, ಇನ್ನೊಬ್ಬ ಬಂದು ಕೂತಿರುತ್ತಾನೆ.

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ಅಕ್ಷರಸ್ಥ ದೆವ್ವ, ಪಾಪ, ದಿನವೂ ಬಂದು ಓದಿ ಮರಳುತ್ತಿತ್ತು. ಡೊಮೈನ್ ಮಾರುವವರು ಅದೇ ಬರಹವನ್ನು ತಮ್ಮ ಹೆಸರಿನಲ್ಲಿ ಬರೆಸಿಕೊಂಡಿದ್ದಾರೆ. ವ್ಯತ್ಯಾಸವೆಂದರೆ ಇಲ್ಲಿ ದೆವ್ವ ಮುಂಗಡ ದುಡ್ಡು ಕಟ್ಟಿರುತ್ತದೆ.

ತಮ್ಮ ಪೂರ್ವಾಪರ ಕೆದಕಿ ನೋಡಿದೆ. ಡಿಎನ್‌ಎಸ್ ಬರುವ ಮುಂಚೆ ಅರ್ಪಾನೆಟ್ಟಿನ ಅಷ್ಟೂ ಕಂಪ್ಯೂಟರುಗಳ ಹೆಸರು, ವಿಳಾಸ ‘ಹೋಸ್ಟ್ಸ್.ಟಿಎಕ್ಸ್‌ಟಿ’ ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದರೆ ಅವರಿಗೆ ಹೇಳಬೇಕು, ಅವರು ಬರೆದುಕೊಳ್ಳಬೇಕು, ಆಮೇಲೆ ಉಳಿದ ಊರಿನವರೆಲ್ಲ ಹೊಸ ಪ್ರತಿ ಇಳಿಸಿಕೊಳ್ಳಬೇಕು. ಆ ಕಾಲದಲ್ಲಿ ತಾವು ಅಧಿಕಾರದಲ್ಲಿದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಪ್ರತಿಗಳು ನಿಜಕ್ಕೂ ಊರೂರಿಗೆ ಹರಡಬೇಕಿತ್ತು. ಆ ಪಡಿಪಾಟಲು ಸಾಕಾಗಿಯೇ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಡಿಎನ್‌ಎಸ್ ರೂಪಿಸಿದ್ದು. 1987ರ ನವೆಂಬರಿನಲ್ಲಿ ಬಂದ ಆರ್‌ಎಫ್‌ಸಿ 1034 ಮತ್ತು 1035 ಎಂಬ ನಿಯಮಪತ್ರಗಳು ಇವತ್ತಿಗೂ ಅದರ ಬುನಾದಿ. ಹೊಸ ಏರ್ಪಾಡಿನಲ್ಲಿ ಯಾರೂ ಯಾರಿಗೂ ಏನನ್ನೂ ಹಂಚುತ್ತಾ ಹೋಗುವುದಿಲ್ಲ. ನಿಮ್ಮ ಡೊಮೈನಿನ ನೇಮ್‌ಸರ್ವರ್ ತನ್ನ ಪಾಡಿಗೆ ಕೂತಿರುತ್ತದೆ. ನಮ್ಮ ಪರವಾಗಿ ವಿಳಾಸ ಹುಡುಕುವ ರಿಸಾಲ್ವರುಗಳು ಬಂದು ಕೇಳುತ್ತವೆ, ಉತ್ತರ ಒಯ್ಯುತ್ತವೆ, ಉತ್ತರದ ಆಯಸ್ಸಾದ ಟಿಟಿಎಲ್ ಹೇಳಿದಷ್ಟು ಸೆಕೆಂಡು ನೆನಪಿಟ್ಟುಕೊಳ್ಳುತ್ತವೆ, ಆಮೇಲೆ ಮರೆಯುತ್ತವೆ. ಅಂದರೆ ನಾವು ಕಾಯುವುದು ಹಳೆಯ ಉತ್ತರ ಮರೆತುಹೋಗಲಿ ಎಂದು. ಎಷ್ಟು ಹೊತ್ತಿಗೆ ಮರೆಯಬೇಕೆಂದು ಬರೆದುಕೊಟ್ಟವರೂ ನಾವೇ.

ನಂಬಿಕೆಯಿಲ್ಲದಿದ್ದರೆ ಟರ್ಮಿನಲ್ ತೆರೆದು ‘ಡಿಗ್’ ಎಂದು ಬರೆದು ಮುಂದೆ ಡೊಮೈನ್ ಹೆಸರು ಹಾಕಿ. ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕ ಒಂದು ಅಂಕಿ ಇರುತ್ತದೆ, 3600 ಅಂದುಕೊಳ್ಳಿ. ಹತ್ತಾರು ಸೆಕೆಂಡು ಬಿಟ್ಟು ಅದೇ ರಿಸಾಲ್ವರನ್ನು ಮತ್ತೆ ಕೇಳಿದರೆ 3588. ಮತ್ತೆ ಕೇಳಿದರೆ 3571. ತಮ್ಮ ಸಾಮ್ರಾಜ್ಯ ಹೀಗೆ ಕಣ್ಣೆದುರೇ ಸೆಕೆಂಡು ಸೆಕೆಂಡಾಗಿ ಕರಗುತ್ತಿರುತ್ತದೆ. ಗಡಿಯಾರ ಎದುರಿಗೇ ಇರುವಾಗ ಪಂಚಾಂಗ ತೆಗೆಸುವುದು ಯಾಕೆ?

ತಮಗೆ ವಂಶವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಡಾಟ್ ಕಾಮ್‌ನ ನೋಂದಣಿ ಕೋಶದಲ್ಲಿ ‘ಈ ಡೊಮೈನಿನ ನೇಮ್‌ಸರ್ವರ್ ಇಂಥದ್ದು’ ಎನ್ನುವ ಸಾಲಿಗಿರುವ ಟಿಟಿಎಲ್ 1,72,800 ಸೆಕೆಂಡು. 3600ರಿಂದ ಭಾಗಿಸಿದರೆ ಸರಿಯಾಗಿ 48 ಗಂಟೆ. ನೇಮ್‌ಸರ್ವರನ್ನೇ ಬದಲಿಸಿದಾಗ ತಾವು ದಯಮಾಡಿಸಿದರೆ ಅದಕ್ಕೊಂದು ಅರ್ಥವಿದೆ. ತಾವು ಮಾತ್ರ ಎ ರೆಕಾರ್ಡಿಗೂ ಬರುತ್ತೀರಿ, ಸಿನೇಮ್‌ಗೂ ಬರುತ್ತೀರಿ, 300 ಸೆಕೆಂಡಿನ ಟಿಟಿಎಲ್ ಇಟ್ಟ ಸಬ್‌ಡೊಮೈನಿಗೂ ಬಂದು ಎರಡು ದಿನ ಠಿಕಾಣಿ ಹೂಡುತ್ತೀರಿ.

ಅದಕ್ಕಿಂತ ದೊಡ್ಡ ದೂರು, ತಮ್ಮ ಕೊಡೆಯ ಕೆಳಗೆ ಎಷ್ಟೊಂದು ತಪ್ಪುಗಳು ನೆನೆಯದೆ ನಿಂತಿವೆ ಎನ್ನುವುದು. ಜೋನ್ ಫೈಲಿನಲ್ಲಿ ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕಿ ಇಡಲು ಮರೆತರೆ ಎಕ್ಸಾಂಪಲ್.ಕಾಮ್ ಎಂಬುದು ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಆಗಿ ಕೂರುತ್ತದೆ. ಅದಕ್ಕೂ ‘48 ಗಂಟೆ’. ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ರೆಕಾರ್ಡ್ ಇದೆ, ಬರೀ ಹೆಸರಿಗೆ ಇಲ್ಲ, ಅದಕ್ಕೂ. ನೇಮ್‌ಸರ್ವರ್ ಬದಲಿಸುವಾಗ ಎಂಎಕ್ಸ್ ರೆಕಾರ್ಡನ್ನು ಹಳೆ ಮನೆಯಲ್ಲೇ ಬಿಟ್ಟುಬಂದು ಇಮೇಲ್ ನಿಂತಿದ್ದರೆ, ಅದಕ್ಕೂ.

ಉದಾಹರಣೆಗೆ, ಒಂದು ಹಪ್ಪಳ-ಸಂಡಿಗೆ ಅಂಗಡಿಯವರ ಸೈಟು ಹೊಸ ಸರ್ವರಿಗೆ ಹೋಯಿತು. ಎ ರೆಕಾರ್ಡಿನಲ್ಲಿ ಹೊಸ ಐಪಿ ಹಾಕಿದ್ದರು, ಟಿಟಿಎಲ್ ಮುಗಿದಿತ್ತು. ಅಂಗಡಿಯ ಬ್ರಾಡ್‌ಬ್ಯಾಂಡಿನಲ್ಲಿ ಹೊಸ ದರಪಟ್ಟಿ ಕಾಣುತ್ತಿತ್ತು, ಗಿರಾಕಿಗಳ ಮೊಬೈಲಿನಲ್ಲಿ ಹಳೆಯದೇ. ಮಾಲೀಕರು ಹೊಸ ದರ ಹೇಳುತ್ತಾರೆ, ಗಿರಾಕಿ ಫೋನ್ ಎತ್ತಿ ಹಳೆ ದರ ತೋರಿಸುತ್ತಾನೆ. ಕೌಂಟರ್ ಮುಂದೆ ಜಗಳವೋ ಜಗಳ. ಸಹಾಯವಾಣಿ 48 ಗಂಟೆ ಎಂದಿತು. ಮುಗಿದ ಮೇಲೆ ಇನ್ನೊಂದು 48 ಗಂಟೆ ಎಂದಿತು. ನಡೆದದ್ದಿಷ್ಟು: ಐಪಿವಿ4 ವಿಳಾಸಕ್ಕೆ ಎ ರೆಕಾರ್ಡ್, ಐಪಿವಿ6 ವಿಳಾಸಕ್ಕೆ ‘ಎಎಎಎ’ ರೆಕಾರ್ಡ್. ಮೊದಲನೆಯದನ್ನು ಬದಲಿಸಿದವರು ಎರಡನೆಯದನ್ನು ಹಾಗೇ ಬಿಟ್ಟಿದ್ದರು. ಅಂಗಡಿಯ ಬ್ರಾಡ್‌ಬ್ಯಾಂಡು ಐಪಿವಿ4 ಮಾತ್ರ ಬಲ್ಲದ್ದು. ಗಿರಾಕಿಗಳ ಮೊಬೈಲ್ ಡೇಟಾ ಐಪಿವಿ6 ದಾರಿ ಹಿಡಿದು, ಇನ್ನೂ ಬಂದ್ ಆಗದ ಹಳೆ ಸರ್ವರಿಗೇ ಹೋಗುತ್ತಿತ್ತು. ಆ ನಾಲ್ಕು ಎ-ಗಳನ್ನು ಅಳಿಸದಿದ್ದರೆ 48 ವರ್ಷ ಕಾದಿದ್ದರೂ ಸಂಡಿಗೆಯ ದರ ಏರುತ್ತಿರಲಿಲ್ಲ.

ಆತುರಗಾರರಿಗೆ ತಾವು ಕೊಡುವ ಶಿಕ್ಷೆಯಂತೂ ಇನ್ನೂ ಸೊಗಸು. ರೆಕಾರ್ಡ್ ಹಾಕುವ ಮೊದಲೇ ‘ಬಂತಾ’ ಎಂದು ಬ್ರೌಸರಿನಲ್ಲಿ ಇಣುಕಿದರೆ, ರಿಸಾಲ್ವರು ‘ಇಲ್ಲ’ ಎಂಬ ಉತ್ತರವನ್ನೂ ನೆನಪಿಟ್ಟುಕೊಳ್ಳುತ್ತದೆ. 1998ರ ಆರ್‌ಎಫ್‌ಸಿ 2308 ಇದನ್ನು ಕಾನೂನಿನಂತೆ ಬರೆದಿಟ್ಟಿದೆ. ಇಣುಕದೆ ಸುಮ್ಮನಿದ್ದ ಪಕ್ಕದ ಮನೆಯವರಿಗೆ ಸೈಟು ಮೊದಲು ಕಾಣುವುದು ಇದಕ್ಕೇ.

  

ನ್ಯಾಯವಾಗಿ ಹೇಳುವುದಾದರೆ, ಟಿಟಿಎಲ್ ಮಾತು ಕೇಳದ ಕೆಲವು ರಿಸಾಲ್ವರುಗಳಿವೆ. ಬ್ರೌಸರು, ಕಂಪ್ಯೂಟರುಗಳೂ ತಮ್ಮ ಪಾಲಿನದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತವೆ. ಆ ಮೂಲೆಗಳಲ್ಲಿ ತಾವು ಸುಖವಾಗಿರಿ. ಉಳಿದ ಕಡೆ ರಾಜೀನಾಮೆ ಕೊಡಿ ಎಂಬುದು ನನ್ನ ಬಿನ್ನಹ. ತಮ್ಮ ಜಾಗಕ್ಕೆ ಬೇಕಾದ ಕೆಲಸ ಸಣ್ಣದು. ಸರ್ವರ್ ಬದಲಿಸುವ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಹಳೆಯ ಟಿಟಿಎಲ್ ಅವಧಿ ಮುಗಿಯುವವರೆಗೆ ಬಿಟ್ಟು, ಆಮೇಲೆ ಐಪಿ ಬದಲಿಸಬೇಕು. ಹಳೆ ಸರ್ವರನ್ನು ಒಂದೆರಡು ದಿನ ಹಾಗೇ ಓಡಲು ಬಿಡಬೇಕು. ಯಾರಾದರೂ ಸೈಟು ಬರುತ್ತಿಲ್ಲ ಎಂದರೆ ಡೊಮೈನಿನ ಸ್ವಂತ ನೇಮ್‌ಸರ್ವರನ್ನೇ ನೇರ ಕೇಳಬೇಕು. ಅಲ್ಲಿ ಉತ್ತರ ಸರಿಯಿದ್ದರೆ ಕಾಯಬಹುದು. ತಪ್ಪಿದ್ದರೆ ಕಾದು ಫಲವಿಲ್ಲ, ರೆಕಾರ್ಡ್ ತಿದ್ದಬೇಕು.

ಈ ಪತ್ರದ ಪ್ರತಿಯನ್ನು ಡೊಮೈನ್ ಕೊಂಡ ಎಲ್ಲರಿಗೂ ರವಾನಿಸುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ 48 ಗಂಟೆ ಎಂದರೆ, ಫೋನ್ ಇಡುವ ಮೊದಲು ‘ಟಿಟಿಎಲ್ ಎಷ್ಟಿದೆ?’ ಎಂದು ದಯವಿಟ್ಟು ಕೇಳಿ.

ಇಂತಿ,
ಸೆಕೆಂಡುಗಳಲ್ಲಿ ಲೆಕ್ಕ ಹಾಕುವ,
ತಮ್ಮ ಅವಿಧೇಯ