ಸ್ಟ್ರಾಂಗ್ ಆಗಿರೋದು ಕೊಡಿ

ಬೆಂಗಳೂರಿನ ಕುಂದಲಹಳ್ಳಿಯ ಒಂದು ಮೆಡಿಕಲ್ ಶಾಪಿನಲ್ಲಿ ಒಂದು ಕತ್ತರಿ ಇದೆ. ಕೆಂಪು ಪ್ಲಾಸ್ಟಿಕ್ ಹಿಡಿ. ಒಂದು ಕಡೆ ಒಡೆದಿದ್ದಕ್ಕೆ ಕರಿ ಟೇಪು ಸುತ್ತಿದ್ದಾರೆ. ಇಲ್ಲಿ ಸುತ್ತಮುತ್ತ ಎಷ್ಟು ಆಸ್ಪತ್ರೆಗಳಿದ್ದರೂ ಇದರಷ್ಟು ಬಿಡುವಿಲ್ಲದ ವೈದ್ಯಕೀಯ ಉಪಕರಣ ಇನ್ನೊಂದಿಲ್ಲ.

ಮೊನ್ನೆ ನನ್ನ ಮುಂದೆ ಒಬ್ಬ ನಿಂತಿದ್ದ. ಕೊರಳಲ್ಲಿ ಟ್ಯಾಗು, ಕಿವಿಯಲ್ಲಿ ಮೀಟಿಂಗು. ‘ಗಂಟಲು ನೋವು ಬ್ರೋ, ಸ್ಟ್ರಾಂಗ್ ಆಗಿರೋದು ಕೊಡಿ’ ಎಂದ. ಕೌಂಟರಿನ ಹುಡುಗ ಜ್ವರ ಇದೆಯಾ ಎಂದು ಕೇಳಲಿಲ್ಲ. ಯಾವುದಾದರೂ ಮಾತ್ರೆ ಒಗ್ಗುವುದಿಲ್ಲವಾ ಎಂದೂ ಕೇಳಲಿಲ್ಲ. ಆ್ಯಂಟಿಬಯೋಟಿಕ್ ಪಟ್ಟಿ ತೆಗೆದ. ಕತ್ತರಿ ಎರಡು ಸಲ ಕಚಕ್ ಎಂದಿತು. ಮೂರು ಮಾತ್ರೆ ಗಿರಾಕಿಯ ಜೇಬಿಗೆ. ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಕು ಇದ್ದ ತುಂಡು ಡ್ರಾಯರಿಗೆ.

ಫೋನ್ ಕೊಳ್ಳುವಾಗ ಇದೇ ಮಹಾಶಯ ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು, ಬಿಸಿಯಾಗುತ್ತದಾ ಎಂದು ಹದಿನೈದು ದಿನ ಅಳೆದು ತೂಗಿರುತ್ತಾನೆ. ಮಾತ್ರೆಗೆ ಒಂದೇ ಸ್ಪೆಸಿಫಿಕೇಷನ್ನು. ಸ್ಟ್ರಾಂಗು.

ಆ ಪಟ್ಟಿಯ ಹಿಂದೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ ಎಂದು ಅದರ ಅರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ಜನರಿಗೆ ತಿಳಿಸಲು ಪ್ರಚಾರಾಂದೋಲನವನ್ನೇ ನಡೆಸಿತು. ನಮ್ಮ ಹುಡುಗನ ಕತ್ತರಿ ಆ ಗೆರೆಯನ್ನೂ ಸೇರಿಸಿಯೇ ಕತ್ತರಿಸಿತು.

ಇನ್ನೂ ಬಿಗಿಯಾದ ಕಾಯಿದೆಯೂ ಇದೆ. ಔಷಧಗಳ ಎಚ್1 ಪಟ್ಟಿ. 2014ರಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ಟಿಬಿ ಔಷಧಗಳು, ನಿದ್ದೆ ಮಾತ್ರೆಗಳು ಅದರಲ್ಲಿವೆ. ಮಾರಿದರೆ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ರಿಜಿಸ್ಟರ್ ಇದೆಯಾ ಎಂದು ಹುಡುಗನನ್ನು ಕೇಳಿದೆ. ‘ಇದೆ ಸಾರ್, ಫುಲ್ ಅಪ್‌ಡೇಟ್ ಇದೆ’ ಎಂದ. ಯಾರ ಹೆಸರನ್ನೂ ಕೇಳದೆ ಅಪ್‌ಡೇಟ್ ಆಗುವ ರಿಜಿಸ್ಟರು! ಕಥಾಸಾಹಿತ್ಯಕ್ಕೆ ಪ್ರಶಸ್ತಿ ಕೊಡುವವರು ಒಮ್ಮೆ ಈ ಕಡೆ ಕಣ್ಣು ಹಾಯಿಸಬೇಕು.

ಗಂಟಲು ನೋವು ಬಹುಪಾಲು ವೈರಸ್ಸಿನದು. ಆ್ಯಂಟಿಬಯೋಟಿಕ್ಕು ವೈರಸ್ಸಿನ ಕೂದಲನ್ನೂ ಕೊಂಕಿಸುವುದಿಲ್ಲ. ಅದು ಹೊಟ್ಟೆಯಲ್ಲಿ ಸುಮ್ಮನೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನು ಸಾಯಿಸುತ್ತದೆ. ಮಾರನೆಯ ದಿನ ಲೂಸ್ ಮೋಷನ್. ಟ್ಯಾಗಿನವನು ಮತ್ತೆ ಕತ್ತರಿಯ ಮುಂದೆ. ಕಾರಣ ಏನೆಂದು ಅವನಿಗಾಗಲೇ ಗೊತ್ತು: ‘ಟ್ಯಾಂಕರ್ ನೀರು ಬ್ರೋ, ಈ ಏರಿಯಾನೇ ಸರಿ ಇಲ್ಲ.’ ಟ್ಯಾಂಕರಿನವನ ಮೇಲೆ ನೂರು ದೂರುಗಳಿವೆ. ಇದೊಂದರಲ್ಲಿ ಮಾತ್ರ ಅವನು ನಿರಪರಾಧಿ.

ನಮ್ಮವರಿಗೆ ಸೈಡ್ ಎಫೆಕ್ಟ್ ಗೊತ್ತಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತು. ಅದು ಲಸಿಕೆಗೆ ಇರುತ್ತದೆ.

2025ರ ಜೂನಿನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸಾಲುಸಾಲಾಗಿ ಸುದ್ದಿಯಾದವಲ್ಲ, ಆಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪು ಒಂದೇ ರಾತ್ರಿಯಲ್ಲಿ ಹೃದ್ರೋಗ ಸಂಸ್ಥೆಯಾಯಿತು. ಕೋವಿಡ್ ಲಸಿಕೆಯೇ ಕಾರಣ ಎಂದು ತೀರ್ಪು ಬಂತು. ಅವಸರದಲ್ಲಿ ಲಸಿಕೆಗೆ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದು ಎಂದು ಸ್ವತಃ ಮುಖ್ಯಮಂತ್ರಿಗಳೇ ಬರೆದಾಗ ಗುಂಪಿಗೆ ಆನೆಬಲ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಸಾಲು. ಆಮೇಲೆ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಲಸಿಕೆಗೂ ಇದಕ್ಕೂ ನಂಟು ಕಾಣಲಿಲ್ಲ, ಬಿಪಿ, ಶುಗರ್, ಕೊಬ್ಬು, ಕೂತಲ್ಲೇ ಕೂರುವ ಬದುಕು ಇವನ್ನು ನೋಡಿಕೊಳ್ಳಿ ಎಂದಿತು. ಆ ವರದಿಯನ್ನು ನಾನು ಗುಂಪಿಗೆ ಹಾಕಿದೆ. ಒಂದು ಪ್ರತಿಕ್ರಿಯೆ ಬಂತು: ‘ಅವರು ಹಾಗೆ ಹೇಳಲೇಬೇಕಲ್ಲ.’ ಬರೆದವರ ಬಿಪಿ 160. ಮಾತ್ರೆ ಬಿಟ್ಟು ಆರು ತಿಂಗಳಾಗಿದೆ. ಸೈಡ್ ಎಫೆಕ್ಟಿನ ಭಯಕ್ಕೆ!

ಇನ್ನು ನಮ್ಮ ಮೂರನೇ ಮಹಡಿಯ ರಾಯರು. ಅವರು ಬಿಡುವ ಜಾತಿಯಲ್ಲ, ಸೇರಿಸುವ ಜಾತಿ.

ದೀಪಾವಳಿಗೆ ಮಗನ ಕಂಪನಿ ಕೊಟ್ಟ ಡ್ರೈಫ್ರೂಟ್ಸ್ ಡಬ್ಬಿ ಅವರ ಟೀಪಾಯಿಯ ಮೇಲಿದೆ. ಏಳು ಖಾನೆ. ಬಾದಾಮಿ ಇದ್ದಲ್ಲಿ ಬಿಪಿ ಮಾತ್ರೆ. ಗೋಡಂಬಿ ಇದ್ದಲ್ಲಿ ಗ್ಯಾಸ್ ಮಾತ್ರೆ. ಒಣದ್ರಾಕ್ಷಿ ಇದ್ದಲ್ಲಿ ನೀರು ಮಾತ್ರೆ. ಮುಚ್ಚಳ ತೆಗೆದರೆ ಇನ್ನೂ ಏಲಕ್ಕಿ ವಾಸನೆ.

ಆ ಡಬ್ಬಿ ತುಂಬಿದ ಕಥೆ ಕೇಳಿ. ಮೊದಲು ಇದ್ದದ್ದು ಒಂದೇ ಮಾತ್ರೆ, ಬಿಪಿಗೆ ಆಮ್ಲೋಡಿಪಿನ್. ಒಳ್ಳೆಯ ಮಾತ್ರೆ, ಅಗ್ಗದ ಮಾತ್ರೆ. ಕೆಲವರಿಗೆ ಅದರಿಂದ ಪಾದ, ಹರಡು ಊದುತ್ತದೆ. ಮಾತ್ರೆಯ ಮಾಹಿತಿ ಚೀಟಿಯಲ್ಲೇ ಬರೆದಿರುತ್ತದೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆಗೆ ಬದಲಿಸುತ್ತಾರೆ. ರಾಯರ ಪಾದ ಊದಿತು. ರಾಯರು ಆ ಡಾಕ್ಟರಿಗೆ ಹೇಳಲಿಲ್ಲ. ಪಾದಕ್ಕೆ ಬೇರೆ ಡಾಕ್ಟರ ಹತ್ತಿರ ಹೋದರು. ಅವರು ಬೇರೆ ಏನು ತಗೋತೀರಿ ಎಂದು ಕೇಳಲಿಲ್ಲ. ನೀರು ಇಳಿಸುವ ಮಾತ್ರೆ ಬರೆದರು.

ನೀರು ಮಾತ್ರೆ ನೀರನ್ನು ಇಳಿಸುತ್ತದೆ, ಯೂರಿಕ್ ಆ್ಯಸಿಡ್ ಏರಿಸುತ್ತದೆ. ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಮೇಲೆ ಹೊದಿಕೆ ತಾಗಿದರೂ ರಾಯರು ಅರಚುವಂತಾಯಿತು. ಬೆಳಗ್ಗೆ ಕತ್ತರಿ ಅಂಗಡಿ. ನೋವಿನ ಮಾತ್ರೆ ಬಂತು, ಡೈಕ್ಲೋಫೆನಾಕ್. ಅದು ನೋವು ಕೊಂದಿತು, ಹೊಟ್ಟೆ ಉರಿಸಿತು. ಉರಿಗೆ ಗ್ಯಾಸ್ ಮಾತ್ರೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಬೇಕಾದ್ದನ್ನು ಊಟವಾದ ಮೇಲೆ ನುಂಗಿದ್ದು ಬೇರೆ ಮಾತು. ನೋವಿನ ಮಾತ್ರೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿಪಿ ಏರಿಸುತ್ತದೆ. ಬಿಪಿ ಏರಿತು. ಮೊದಲನೇ ಡಾಕ್ಟರು ಐದು ಮಿಲಿಗ್ರಾಂ ಇದ್ದದ್ದನ್ನು ಹತ್ತು ಮಾಡಿದರು. ಪಾದ ಮತ್ತೆ ಊದಿತು.

ಒಂದು ಪ್ರದಕ್ಷಿಣೆ ಮುಗಿಯಿತು. ಇನ್ನೆರಡು ಬಾಕಿ.

ನೀರು ಮಾತ್ರೆಯೂ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ಇಲ್ಲೊಂದು ಮಾತು ಹೇಳಲೇಬೇಕು. ಹಸುವಿಗೆ ಕೊಟ್ಟ ಡೈಕ್ಲೋಫೆನಾಕ್, ಹಸು ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳ ಕಿಡ್ನಿ ಹಾಳುಮಾಡಿ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರಕಾರ ನಿಷೇಧಿಸಿತು. ಇಲ್ಲೇ ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗೆ ಅಭಯಧಾಮವೂ ಇದೆ. ಹದ್ದಿಗಿರುವ ರಕ್ಷಣೆ ರಾಯರಿಗಿಲ್ಲ.

ಹೀಗೇ ಸುತ್ತಿ ಏಳೂ ಖಾನೆ ತುಂಬುವಷ್ಟರಲ್ಲಿ ಮೂವರು ಡಾಕ್ಟರು, ಮೂರು ಆಸ್ಪತ್ರೆ, ಮೂರು ಫೈಲು, ಮೂರು ಆ್ಯಪು. ಡಬ್ಬಿಯನ್ನು ಮಾತ್ರ ಯಾರೂ ತೆಗೆಸಲಿಲ್ಲ. ಕೊನೆಗೆ ಊರ ಜಾತ್ರೆಗೆ ಹೋದಾಗ ತಿಪಟೂರಿನ ಹಳೆಯ ಡಾಕ್ಟರೊಬ್ಬರು ಡಬ್ಬಿ ತರಿಸಿ, ಮೇಜಿನ ಮೇಲೆ ಸುರಿದು, ಏಳರಲ್ಲಿ ನಾಲ್ಕನ್ನು ಪಕ್ಕಕ್ಕೆ ತಳ್ಳಿದರಂತೆ. ಬಿಪಿ ಮಾತ್ರೆ ಬದಲಿಸಿದರಂತೆ. ಫೀಸು ನೂರು ರೂಪಾಯಿ. ರಾಯರ ಪಾದ ಇಳಿದಿದೆ. ಮುಖ ಊದಿದೆ. ‘ಅಷ್ಟು ದೂರ ಹೋಗಿದ್ದಕ್ಕೆ ಹೆಚ್ಚಿಗೆ ಒಂದು ಮಾತ್ರೇನೂ ಬರೆದುಕೊಡಲಿಲ್ಲ ಕಣ್ರೀ. ವಯಸ್ಸಾಯ್ತು ಪಾಪ, ಡಾಕ್ಟರಿಗೆ.’

ಡೋಲೋ ಬಗ್ಗೆ ಕೇಳಲೇಬೇಡಿ. ಬೆಂಗಳೂರಿನದೇ ಕಂಪನಿಯ ಮಾತ್ರೆ. ಸ್ಥಳೀಯ ಉತ್ಪನ್ನಕ್ಕೆ ನಾವು ಇಷ್ಟು ಪ್ರೀತಿ ತೋರಿಸಿದ್ದು ಮೈಸೂರು ಸ್ಯಾಂಡಲ್ ಸೋಪಿನ ನಂತರ ಇದಕ್ಕೇ ಇರಬೇಕು. ಒಳಗಿರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಹಿತಮಿತದಲ್ಲಿ ಅದಕ್ಕಿಂತ ಸಾಧುವಾದ ಮಾತ್ರೆ ಸಿಗುವುದು ಕಷ್ಟ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಗಡಿ. ದಾಟಿದರೆ ಲಿವರಿಗೆ ಏಟು. ಇಲ್ಲಿ ಲೆಕ್ಕ ಮಾಡುವವರು ಯಾರು? ಜ್ವರಕ್ಕೆ ಒಂದು ಮಾತ್ರೆ, ಶೀತಕ್ಕೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು. ಮೂರು ಹೆಸರು, ಮೂರು ಬಣ್ಣ. ಹಿಂದೆ ತಿರುಗಿಸಿ ಓದಿದರೆ ಬಹಳ ಸಲ ಮೂರರಲ್ಲೂ ಪ್ಯಾರಾಸಿಟಮಾಲ್. ದಿನವೆಲ್ಲ ಎಕ್ಸೆಲ್‌ನಲ್ಲಿ ಸಾಲುಗಳನ್ನು ಕೂಡಿಸುವ ಊರಿನವರಿಗೆ ಈ ಮೂರು ಸಾಲು ಕೂಡಿಸಲು ಬರುವುದಿಲ್ಲ. ಶುಕ್ರವಾರ ಸಂಜೆ ಅದೇ ಲಿವರಿಗೆ ಬಿಯರಿನ ಓವರ್‌ಟೈಮ್.

ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಾದರೂ ಬೇರೇನೂ ಮುಟ್ಟಬೇಡಿ ಎಂದಿರುತ್ತಾರೆ. ನಮ್ಮ ಮನೆಗಳಲ್ಲಿ ಮಾತ್ರೆ ಗಂಟಲಿನಿಂದ ಕೆಳಗಿಳಿಯುವ ಮೊದಲೇ ಫಿಲ್ಟರ್ ಕಾಫಿ ಹಿಂದೆ ಬಿದ್ದಿರುತ್ತದೆ. ‘ಏನೂ ತಿಂದಿಲ್ಲ, ಬರೀ ಕಾಫಿ.’ ಕಾಫಿಯ ಜೊತೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೂರು ತಿಂಗಳಾದ ಮೇಲೆ ಬೈಸಿಕೊಳ್ಳುವುದು ಲ್ಯಾಬಿನವನು.

ಸೈಡ್ ಎಫೆಕ್ಟಿಗೆ ಹೆದರಿದವರು ಹೋಗುವುದು ‘ನ್ಯಾಚುರಲ್’ ಕಡೆಗೆ. ಕೋವಿಡ್ ಕಾಲದಲ್ಲಿ ಇಡೀ ಲೇಔಟಿನವರು ಅಮೃತಬಳ್ಳಿ ಕಷಾಯ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಆ ಬಳ್ಳಿ ಸೇವಿಸಿದ ಕೆಲವರ ಲಿವರಿಗೆ ಪೆಟ್ಟಾದದ್ದನ್ನು ದಾಖಲಿಸಿದರು. ಅದು ಅಮೃತಬಳ್ಳಿಯೇ ಎಂದು ಹೇಗೆ ಹೇಳುತ್ತೀರಿ, ಅದರಂತೆಯೇ ಕಾಣುವ ಬೇರೆ ಬಳ್ಳಿಗಳಿವೆ ಎಂದು ಆಯುಷ್ ಸಚಿವಾಲಯ ಸಿಡುಕಿತು. ಆಯಿತಪ್ಪ, ಒಪ್ಪಿದೆ. ಹಾಗಾದರೆ ಯಾವ ಬಳ್ಳಿ ಎಂದು ಗೊತ್ತಿಲ್ಲದೆ ಕುಡಿದೆವು ಎಂದಾಯಿತು. ಇದು ಸಮಾಧಾನವೇ?

ವಿಟಮಿನ್ ಡಿ ಇನ್ನೊಂದು ಕಥೆ. ಎಸಿಯಲ್ಲಿ ಹುಟ್ಟಿ ಎಸಿಯಲ್ಲೇ ಬೆಳೆದವರಂತೆ ಬದುಕಿ, ಐಟಿಪಿಎಲ್ ರಸ್ತೆಯ ಮೇಲೆ ಪುಕ್ಕಟೆ ಸುರಿಯುವ ಬಿಸಿಲಿಗೆ ಕಾರಿನ ಗಾಜಿನ ಮೇಲೆ ಪರದೆ ಎಳೆದು, ಆಮೇಲೆ 60,000 ಯೂನಿಟ್ಟಿನ ಪುಡಿ ಕಲಸಿ ಕುಡಿಯುವುದು. ವಾರಕ್ಕೊಂದು ಎಂದು ಬರೆದಿರುತ್ತಾರೆ. ದಿನಕ್ಕೊಂದು ಎಂದು ಓದಿಕೊಂಡವರನ್ನು ನಾನು ಬಲ್ಲೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಾಗಿ, ಆಸ್ಪತ್ರೆ ಸೇರಿ ಬಂದರು. ವಿಟಮಿನ್ ತಾನೇ, ಏನಾಗುತ್ತೆ ಎಂದುಕೊಂಡಿದ್ದರಂತೆ.

ಓದಿಕೊಳ್ಳುವುದು ಎಂದಾಗ ನೆನಪಾಯಿತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು, ಸರಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕನ್ನಡವಾ ಇಂಗ್ಲಿಷಾ ಎಂದು ಚರ್ಚೆ ಬಿಸಿಯೇರಿತು. ಯಾರೂ ಚೀಟಿಯನ್ನು ಬಿಚ್ಚಿ ನೋಡಲಿಲ್ಲ. ಅದರಲ್ಲಿರುವುದು ಬಿ.ಡಿ., ಟಿಡಿಎಸ್, ಎಚ್‌ಎಸ್, ಎಸ್‌ಒಎಸ್. ದಿನಕ್ಕೆರಡು, ದಿನಕ್ಕೆ ಮೂರು, ಮಲಗುವಾಗ, ಬೇಕಾದಾಗ. ನಾವು ಕನ್ನಡ ಇಂಗ್ಲಿಷು ಎಂದು ಕಾದಾಡುತ್ತಿದ್ದರೆ ಡಾಕ್ಟರುಗಳು ಆರಾಮಾಗಿ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದಾರೆ. ಕುಂದಲಹಳ್ಳಿಯಲ್ಲಿ ಟಿಡಿಎಸ್ ಎಂದರೆ ಸಂಬಳದಲ್ಲಿ ತೆರಿಗೆ ಹಿಡಿದುಕೊಳ್ಳುವುದು. ಅದು ಬಿಟ್ಟು ಬೇರೆ ಅರ್ಥ ಯಾರಿಗೂ ಗೊತ್ತಿಲ್ಲ.

ಪತ್ರಕ್ಕೆ ನನ್ನ ಬೆಂಬಲವಿದೆ. ಆದರೆ ಕತ್ತರಿ ಅಂಗಡಿಗೆ ಚೀಟಿ ತರುವವರು ಎಷ್ಟು ಜನ? ಇಲ್ಲದ ಚೀಟಿ ಯಾವ ಭಾಷೆಯಲ್ಲಿದ್ದರೇನು!

ಕನ್ನಡದಲ್ಲಿ ಇರುವ ಒಂದು ಕಾಗದ ಮಾತ್ರ ಯಾರಿಗೂ ಬೇಕಾಗಿಲ್ಲ. ಮಾತ್ರೆಯಿಂದ ತೊಂದರೆಯಾದರೆ ಸಾಮಾನ್ಯ ಜನರೇ ತುಂಬಿ ಕಳಿಸಬಹುದಾದ ಫಾರಂ. 2010ರಲ್ಲಿ ಶುರುವಾದ ಕೇಂದ್ರದ ಔಷಧ ಸುರಕ್ಷತಾ ಕಾರ್ಯಕ್ರಮದ್ದು. ಫೋನ್ ಮಾಡಿಯೂ ಹೇಳಬಹುದು, 1800-180-3024, ಪುಕ್ಕಟೆ. ನೀವು ಹೇಳಿದ್ದು ಲೆಕ್ಕಕ್ಕೆ ಸೇರುತ್ತದೆ. ಹತ್ತು ಜನ ಹೇಳಿದರೆ ಒಂದು ಎಚ್ಚರಿಕೆ ಹೊರಡಬಹುದು. ಲಸಿಕೆಯ ಬಗ್ಗೆ ಒಂದೇ ರಾತ್ರಿ ಇನ್ನೂರು ಮೆಸೇಜು ಹಾಕಿದವರಲ್ಲಿ ಒಬ್ಬರಿಗೂ ಈ ನಂಬರು ಗೊತ್ತಿರಲಿಲ್ಲ.

ಕಳೆದ ಭಾನುವಾರ ಆ ಫಾರಂ, ಆ ನಂಬರು ಎರಡನ್ನೂ ಗುಂಪಿಗೆ ಹಾಕಿದೆ. ನಾಲ್ಕು ನಮಸ್ಕಾರ, ಎರಡು ಹೆಬ್ಬೆರಳು ಬಂದವು. ಅದರ ಕೆಳಗೇ ಬಿ ಬ್ಲಾಕಿನವರ ಮೆಸೇಜು: ‘ಮಗನಿಗೆ ರಾತ್ರಿಯಿಂದ ಕೆಮ್ಮು, ಯಾವ ಸಿರಪ್ ಒಳ್ಳೇದು? ಅರ್ಜೆಂಟ್.’

ನಾಲ್ಕು ನಿಮಿಷದಲ್ಲಿ ಒಂಬತ್ತು ಉತ್ತರ. ಮಗುವಿಗೆ ವಯಸ್ಸೆಷ್ಟು ಎಂದು ಒಬ್ಬರೂ ಕೇಳಿರಲಿಲ್ಲ. ಒಂಬತ್ತನೆಯದು ನನ್ನ ಹೆಂಡತಿಯದು.