ಡಿಸ್ಕ್ ಮೀಮಾಂಸೆ

ಡೇಟಾಬೇಸ್ ಅಡ್ಮಿನ್ನರೂ ಸಿಸ್ಟಂ ಮ್ಯಾನೇಜರರೂ ಡಿಸ್ಕಿಗಾಗಿ ಕಾದಾಡುವುದನ್ನು ಪಾಮರರು ಜಾಗದ ತಗಾದೆ ಎಂದೇ ಬಗೆದಿದ್ದಾರೆ. ವಾಸ್ತವದಲ್ಲಿ ಅದು ಪ್ರಮಾಣಶಾಸ್ತ್ರದ ಕಲಹ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಆಚಾರ್ಯತ್ರಯರು ಅಗ್ಗದ ಡಿಸ್ಕುಗಳನ್ನು ಒಟ್ಟಾಗಿ ದುಡಿಸುವ ‘ರೇಡ್’ ಸೂತ್ರವನ್ನು ಐದು ಹಂತಗಳಲ್ಲಿ ಉಪದೇಶಿಸಿದರು. ಸೊನ್ನೆ, ಆರು, ಹತ್ತು ಇತ್ಯಾದಿ ಪ್ರಕ್ಷಿಪ್ತಗಳು ಆಮೇಲೆ ಸೇರಿಕೊಂಡವು, ಶಾಸ್ತ್ರಗ್ರಂಥಗಳ ಹಣೆಬರಹವೇ ಅಷ್ಟು.

ಅಡ್ಮಿನ್ನರು ಪ್ರತ್ಯಕ್ಷವಾದಿಗಳು. ಪ್ರತಿ ಡಿಸ್ಕಿನ ಪ್ರತಿಬಿಂಬವೂ ಪಕ್ಕದಲ್ಲೇ ತಿರುಗುತ್ತಿರಬೇಕು, ಅದೇ ರೇಡ್ 10. ಮ್ಯಾನೇಜರರು ಅನುಮಾನವಾದಿಗಳು. ಹೊಗೆ ಕಂಡು ಬೆಂಕಿಯನ್ನು ಸಾಧಿಸುವ ನೈಯಾಯಿಕನಂತೆ, ಸತ್ತ ಡಿಸ್ಕಿನಲ್ಲಿ ಏನಿತ್ತೆಂದು ಉಳಿದ ಡಿಸ್ಕುಗಳ ದತ್ತಾಂಶ ಮತ್ತು ಪ್ಯಾರಿಟಿಯಿಂದ ತರ್ಕಿಸಿದರಾಯಿತು ಎನ್ನುತ್ತಾರೆ. ಇದು ರೇಡ್ 5. ಎಂಟು ಡಿಸ್ಕುಗಳಲ್ಲಿ ಅನುಮಾನಕ್ಕೆ ಏಳರಷ್ಟು ಜಾಗ ದಕ್ಕಿದರೆ ಪ್ರತಿಬಿಂಬಕ್ಕೆ ನಾಲ್ಕರಷ್ಟೇ. ಆದರೆ ಈ ಗೆಲುವು ಏನಾದರೂ ಬರೆಯಲು ಹೋಗುವವರೆಗೆ ಮಾತ್ರ. ಚಿಕ್ಕದೊಂದು ತಿದ್ದುಪಡಿಗೂ ಹಳೆಯ ದತ್ತಾಂಶ ಓದಿ, ಹಳೆಯ ಪ್ಯಾರಿಟಿ ಓದಿ, ಎರಡನ್ನೂ ಮರಳಿ ಬರೆಯಬೇಕು. ಪ್ರತಿಬಿಂಬಕ್ಕೆ ಎರಡು ಬರಹ ಸಾಕು, ಅನುಮಾನಕ್ಕೆ ನಾಲ್ಕು ಕ್ರಿಯೆ. ನಿಮಿಷಕ್ಕೆ 15,000 ಸುತ್ತು ಹಾಕುವ ಡಿಸ್ಕಿಗೂ ಒಂದು ಸುತ್ತಿಗೆ 4 ಮಿಲಿಸೆಕೆಂಡು ಬೇಕು. ಕಮಿಟ್ ಒತ್ತಿ ಕಾಯುತ್ತಿರುವ ಗ್ರಾಹಕನಿಗೆ ತರ್ಕದ ಸೊಬಗು ಕಾಣಿಸದು.

ಕಂಟ್ರೋಲರಿನ ಕ್ಯಾಶ್ ಈ ದೋಷವನ್ನು ನುಂಗುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ನುಂಗುತ್ತದೆ, ಹೊಟ್ಟೆ ತುಂಬುವವರೆಗೆ. ತಿಂಗಳ ಕೊನೆಯ ಬ್ಯಾಚಿನ ರಾತ್ರಿ ನಾಲ್ಕೂ ಕ್ರಿಯೆಗಳು ತಪ್ಪದೆ ಹಾಜರು. ಎಸ್‌ಎಸ್‌ಡಿ ಬಂದ ಮೇಲೆ ವಾದವೇ ಮುಗಿಯಿತಲ್ಲ ಎನ್ನುವವರಿಗೆ ಉತ್ತರ: ತಿರುಗುವುದು ನಿಂತಿತು, ಗಿಗಾಬೈಟಿನ ಬೆಲೆ ಏರಿತು, ಅರ್ಧವನ್ನು ಪ್ರತಿಬಿಂಬಕ್ಕೆ ಬಿಡುವ ಸಂಕಟ ಇಮ್ಮಡಿಸಿತು. ಅಡ್ಮಿನ್ನರು ಕಾದಿರಿಸಿಕೊಂಡ ಜಾಗವೆಲ್ಲ ಬರಿದೇ ಬಿದ್ದಿದೆ ಎಂಬ ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಇಲ್ಲಿ ಭಾಟ್ಟ ಮೀಮಾಂಸಕರ ಅನುಪಲಬ್ಧಿ ಪ್ರವೇಶಿಸುತ್ತದೆ: ಕಾಣದಿರುವುದರಿಂದಲೇ ‘ಇಲ್ಲ’ ಎಂಬುದರ ಜ್ಞಾನ. ಒರಾಕಲ್‌ನಲ್ಲಿ 100 ಗಿಗಾಬೈಟಿನ ಡೇಟಾಫೈಲ್ ಸೃಷ್ಟಿಸಿದರೆ ಒಳಗೆ ಒಂದೂ ಸಾಲಿಲ್ಲದಿದ್ದರೂ ಆಪರೇಟಿಂಗ್ ಸಿಸ್ಟಂಗೆ ಅದು ಪೂರ್ಣ. ತುಂಬಿದ ಮೇಲೆ ಲಕ್ಷ ಸಾಲು ಅಳಿಸಿದರೂ ಫೈಲು ತಾನಾಗಿ ಒಂದು ಬೈಟೂ ಕುಗ್ಗದು. ಹೀಗಾಗಿ ಮ್ಯಾನೇಜರರು ಡಿಸ್ಕ್ ತುಂಬಿದೆ ಎಂದು ಕೂಗುವ ಕ್ಷಣದಲ್ಲೇ ಅಡ್ಮಿನ್ನರು ಬೇಕಾದಷ್ಟು ಖಾಲಿಯಿದೆ ಎನ್ನಬಲ್ಲರು, ಇಬ್ಬರ ಮಾತೂ ಸತ್ಯ.

ನಮ್ಮ ಸಿದ್ಧಾಂತವಿಷ್ಟು: ಬಿಡುವಿಲ್ಲದೆ ಬರೆಯುವ ರೀಡೂ ಲಾಗ್ ಪ್ರತಿಬಿಂಬಕ್ಕೆ, ಓದಲಷ್ಟೇ ಇರುವ ಹಳೆಯ ದಾಖಲೆ ರೇಡ್ 5ಕ್ಕೆ. ಹೆಚ್ಚುವರಿ ಡಿಸ್ಕುಗಳ ಕಡತ ಹಣಕಾಸು ವಿಭಾಗದ ಮುಂದಿದೆ. ಅಲ್ಲಿ ನಡೆಯುವುದು ಶಬ್ದಪ್ರಮಾಣವೊಂದೇ, ಆ ಶಬ್ದ ‘ಮುಂದಿನ ವರ್ಷ ನೋಡೋಣ’.